ಮಾರ್ಗಶಿರದ ಮುಗಿಲು: ಎರೆಸೀಮೆಯಲ್ಲಿ ಚಳಿಗಾಲದ ಹವಾಮುನ್ನರಿವಿನ ಬೆಳವಣಿಗೆ

ಚಳಿಗಾಲದ ಹವೆಯನ್ನು ಮುಂದಾಗಿ ಅರಿಯುವ ವಿದ್ಯೆಯ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲಲ್ಲಿಯೇ ಎದುರಾಗುವ ವೈಚಿತ್ರ್ಯವೊಂದುಂಟು: ನಮ್ಮ ದೇಶದಲ್ಲಿ ಆ ವಿದ್ಯೆಯು ಸಹಸ್ರಾರು ವರ್ಷಗಳಷ್ಟು ದೀರ್ಘಕಾಲ ಹೇಮಂತ ಶಿಶಿರಗಳ ಆಕಾಶವನ್ನು ಎವೆಯಿಕ್ಕದೆ ನೋಡಿತಾದರೂ, ನೋಡಿದುದೆಲ್ಲವೂ ಮುಂದೆ ಬರಲಿದ್ದ ಆಷಾಢ ಶ್ರಾವಣಗಳ ಮಳೆಯನ್ನು ತಿಳಿಯುವುದಕ್ಕಾಗಿಯೇ ಹೊರತು, ನಾಳೆಯ ಮುಂಜಾವಿನಲ್ಲಿ ಮಂಜು ಕವಿಯುವುದೋ, ಬರುವ ವಾರದಲ್ಲಿ ತುಂತುರು ಬೀಳುವುದೋ ಎಂಬುದನ್ನು ತಿಳಿಯುವುದಕ್ಕಾಗಿ ಅಲ್ಲ. ಚಳಿಗಾಲದಲ್ಲಿ ನುಡಿಯುವ ಭವಿಷ್ಯ ಬೇರೆ, ಚಳಿಗಾಲದ ಭವಿಷ್ಯ ಬೇರೆ. ಮೊದಲನೆಯದು ಪುರಾತನವಾದುದು, ಎರಡನೆಯದು ತೀರ ಈಚಿನದು, ಮತ್ತು ಈಗಲೂ ಬೆಳೆದು ಮುಗಿಯದುದು. ಇವೆರಡರ ನಡುವಣ ದಾರಿಯನ್ನು ಕೊಪ್ಪಳ ಸೀಮೆಯ ಕಿನ್ನಾಳದಂತಹ ಒಂದು ಊರಿನ ಹೊಲದ ಬದುವಿನ ಮೇಲೆ ನಿಂತು ನೋಡುವುದು ಈ ಲೇಖನದ ಉದ್ದೇಶ.

ಕಿನ್ನಾಳವೆಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಅಲ್ಲಿಯ ಚಿತ್ರಗಾರರ ಬಣ್ಣದ ಗೊಂಬೆಗಳು. ಹಗುರವಾದ ಪೊಣಕಿ ಮರದಲ್ಲಿ ಕಡೆದು, ಗೋಣಿನಾರಿನ ಚೂರು, ಮರದ ಹೊಟ್ಟು, ಹುಣಸೆಬೀಜದ ಸರಿ ಇವುಗಳಿಂದಾದ ಕಿಟ್ಟವನ್ನು ಮೆತ್ತಿ, ಒಣಗಿಸಿ, ಬಣ್ಣವೇರಿಸುವ ಆ ಕುಶಲಕರ್ಮಕ್ಕೆ ಒಣಹವೆ ಎಷ್ಟು ಬೇಕೆಂಬುದನ್ನು ಬಲ್ಲವರೇ ಬಲ್ಲರು. ಆದರೆ ಊರಿನ ಬಹುಜನದ ಬಾಳು ನಿಂತಿರುವುದು ಹೊಲದ ಮೇಲೆ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹೊಸ ಜಿಲ್ಲೆಯಾದ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದಿರುವ ಪ್ರದೇಶ. ಇಲ್ಲಿ ವರ್ಷವೊಂದಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿಗೂ ಕಡಿಮೆ. ಗಂಗಾವತಿಗೆ ತುಂಗಭದ್ರೆಯ ಎಡದಂಡೆಯ ಕಾಲುವೆಯಿದೆ, ಕಿನ್ನಾಳದ ಆಸುಪಾಸಿಗೆ ಹಿರೇಹಳ್ಳದ ಜಲಾಶಯವಿದೆ. ಉಳಿದ ಬಹುಪಾಲು ಭೂಮಿ ಮುಗಿಲನ್ನೇ ನಂಬಿದ್ದು. ಅದರಲ್ಲಿಯೂ ಎರೆಹೊಲದ ರೀತಿಯೇ ವಿಶಿಷ್ಟವಾದುದು. ಹಸ್ತ ಚಿತ್ತೆಗಳ ಮಳೆಯನ್ನು ಹೀರಿ ತನ್ನ ಒಡಲಲ್ಲಿ ಬಚ್ಚಿಟ್ಟುಕೊಂಡ ಕಪ್ಪುನೆಲವು, ಅನಂತರ ಮೇಲಿನಿಂದ ಒಂದು ಹನಿಯೂ ಬೀಳದಿದ್ದರೂ, ಆ ತೇವದಿಂದಲೂ ಇಬ್ಬನಿಯಿಂದಲೂ ಬಿಳಿಜೋಳವನ್ನು, ಕಡಲೆಯನ್ನು, ಕುಸುಬೆ ಅಗಸೆಗಳನ್ನು ಸಾಕಿ ಸಲಹುತ್ತದೆ.

ಇದರಿಂದ ಒಂದು ಮುಖ್ಯ ಪರಿಣಾಮ ಸಂಭವಿಸುತ್ತದೆ. ವೈಶಾಖದಲ್ಲಿ ಮೋಡಕ್ಕಾಗಿ ಕೈಮುಗಿಯುವ ರೈತನೇ ಮಾರ್ಗಶಿರದಲ್ಲಿ ಅದನ್ನು ಶಂಕೆಯ ಕಣ್ಣಿನಿಂದ ನೋಡುತ್ತಾನೆ. ಕಡಲೆಯ ಗಿಡದ ಮೇಲಣ ಸೂಕ್ಷ್ಮರೋಮಗಳು ಸ್ರವಿಸುವ ಹುಳಿಯನ್ನು ಜಿಟಿಜಿಟಿ ಮಳೆಯು ತೊಳೆದುಬಿಡುತ್ತದೆ; ಮುಗಿಲು ಮುಚ್ಚಿಕೊಂಡು ನಾಲ್ಕು ದಿನ ನಿಂತರೆ ಕಾಯಿಕೊರಕ ಹುಳುವಿಗೆ ಹಬ್ಬವಾಗುತ್ತದೆ; ಕುಸುಬೆಗೆ ಹೇನು ಹತ್ತುತ್ತದೆ; ಹೂ ಬಿಟ್ಟ ಮಾವಿಗೆ ಬೂದಿರೋಗವೂ ಜಿಗಿಹುಳುವೂ ಜೊತೆಯಾಗಿ ಬರುತ್ತವೆ; ಕುಷ್ಟಗಿ ಯಲಬುರ್ಗಾಗಳ ದಾಳಿಂಬೆಯ ತೋಟಗಳಲ್ಲಿ ದುಂಡಾಣು ಅಂಗಮಾರಿ ಹರಡುವುದಕ್ಕೆ ಅಕಾಲದ ಒಂದೆರಡು ಹನಿ ಸಾಕು. 2021ರ ನವೆಂಬರಿನಲ್ಲಿ ಮಳೆ ಹೊತ್ತಲ್ಲದ ಹೊತ್ತಿನಲ್ಲಿ ಸುರಿದಾಗ ಗಂಗಾವತಿಯ ಕಾಲುವೆಯ ಬಯಲಿನಲ್ಲಿ ಕೊಯ್ಲಿಗೆ ಬಂದಿದ್ದ ಭತ್ತ ನೆಲಕ್ಕೊರಗಿದುದನ್ನು ಆ ಸೀಮೆಯವರು ಮರೆತಿರಲಾರರು. ಹೀಗಿರಲಾಗಿ ಚಳಿಗಾಲದ ಹವೆಯ ಮುನ್ಸೂಚನೆಯು ಇಲ್ಲಿ ಪಟ್ಟಣಿಗರ ಕುತೂಹಲದ ವಿಷಯವಲ್ಲ. ಆದರೂ ನಮ್ಮ ಹಿರಿಯರ ಶಾಸ್ತ್ರಗಳು ಈ ಅವಶ್ಯಕತೆಯನ್ನು ಬಹುಮಟ್ಟಿಗೆ ಕಡೆಗಣಿಸಿದುವು.

ಕೌಟಿಲ್ಯನ ಅರ್ಥಶಾಸ್ತ್ರವು ಕೋಷ್ಠಾಗಾರದ ಮುಂದೆ ಒಂದು ಅರತ್ನಿ ಬಾಯಗಲದ ಕುಂಡವನ್ನಿಟ್ಟು ಮಳೆಯನ್ನು ಅಳೆಯಬೇಕೆಂದು ವಿಧಿಸಿ, ಯಾವ ಯಾವ ದೇಶದಲ್ಲಿ ಎಷ್ಟೆಷ್ಟು ದ್ರೋಣ ಮಳೆಯಾಗುವುದೆಂದು ಲೆಕ್ಕ ಹೇಳುತ್ತದೆ; ದಕ್ಷಿಣಾಪಥದ ಅಶ್ಮಕ ದೇಶಕ್ಕೆ ಅದು ಕೊಡುವ ಪ್ರಮಾಣ ಹದಿಮೂರೂವರೆ ದ್ರೋಣ, ಎಂದರೆ ಅದು ಹೆಸರಿಸುವ ದೇಶಗಳಲ್ಲಿಯೇ ಅತ್ಯಲ್ಪವಾದುದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಈ ವಿದ್ಯೆಯು ಸಾಂಗೋಪಾಂಗವಾದ ಶಾಸ್ತ್ರವಾಗಿ ಬೆಳೆದಿರುವುದು ಕಾಣುತ್ತದೆ. ಅವನ ಸಿದ್ಧಾಂತದ ತಿರುಳು ಮೇಘಗಳ ಗರ್ಭಧಾರಣೆ. ಮಾರ್ಗಶಿರ ಶುದ್ಧ ಪಾಡ್ಯದಿಂದ ಮೊದಲಾಗಿ ಆಕಾಶದಲ್ಲಿ ಮೋಡಗಳು ಗರ್ಭ ತಾಳುತ್ತವೆ. ಗಾಳಿ, ಹನಿ, ಮಿಂಚು, ಗುಡುಗು, ಮೋಡ ಈ ಐದೂ ಕೂಡಿದ ಗರ್ಭವು ಪ್ರಬಲವಾದುದು. ಗರ್ಭ ನಿಂತ ದಿನದಿಂದ 195ನೆಯ ದಿನ ಅದು ಮಳೆಯಾಗಿ ಪ್ರಸವಿಸುತ್ತದೆ. ಶುಕ್ಲಪಕ್ಷದಲ್ಲಿ ನಿಂತುದು ಕೃಷ್ಣಪಕ್ಷದಲ್ಲಿ, ಹಗಲು ನಿಂತುದು ಇರುಳಿನಲ್ಲಿ. ಸಂಜೆಗೆಂಪು, ಪರಿವೇಷವುಳ್ಳ ಮೋಡ, ಅತಿಯಲ್ಲದ ಚಳಿ ಇವು ಶುಭಸೂಚಕಗಳು. ಕೃಷಿಪರಾಶರವೆಂಬ ಗ್ರಂಥವಾದರೋ ಪುಷ್ಯಮಾಸವನ್ನು ಎರಡೂವರೆ ದಿನಗಳ ಹನ್ನೆರಡು ಭಾಗಗಳಾಗಿ ಮಾಡಿ, ಒಂದೊಂದು ಭಾಗದ ಗಾಳಿಯಿಂದ ಒಂದೊಂದು ತಿಂಗಳ ಮಳೆಯನ್ನು ಹೇಳುವ ಕ್ರಮವನ್ನು ಉಪದೇಶಿಸುತ್ತದೆ. ಮೋಡಗಳನ್ನು ಆವರ್ತ, ಸಂವರ್ತ, ಪುಷ್ಕರ, ದ್ರೋಣಗಳೆಂದು ನಾಲ್ಕಾಗಿ ವಿಂಗಡಿಸುತ್ತದೆ. ಯುಗಾದಿಯ ದಿನ ಪಂಚಾಂಗಶ್ರವಣದಲ್ಲಿ ಇವುಗಳ ಹೆಸರು ಇಂದಿಗೂ ಕೇಳಿಬರುವುದುಂಟು. ಈ ವಿಂಗಡಣೆಗೆ ಆಧಾರ ಮೋಡದ ರೂಪವಲ್ಲ, ಸಂವತ್ಸರದ ಗಣಿತ. ಕಣ್ಣೆತ್ತಿ ನೋಡದೆಯೇ ವರ್ಷದ ಮೋಡ ಯಾವುದೆಂದು ಹೇಳಬಹುದಾದ ಶಾಸ್ತ್ರವಿದು ಎಂಬುದನ್ನು ಮರೆಯಬಾರದು.

ಕನ್ನಡದಲ್ಲಿಯೂ ಈ ವಿದ್ಯೆ ಬರಿಗೈಯಲ್ಲಿ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನೆಂಬ ಕವಿ ಬರೆದ ಲೋಕೋಪಕಾರವು ವಾಸ್ತು, ವೃಕ್ಷಾಯುರ್ವೇದ, ಉದಕಾರ್ಗಳ ಮೊದಲಾದ ಲೋಕಕ್ಕೆ ಬೇಕಾದ ವಿಷಯಗಳ ನಡುವೆ ಮಳೆಯ ಲಕ್ಷಣಗಳಿಗೂ ಎಡೆಗೊಟ್ಟಿದೆ. 1300ರ ಸುಮಾರಿನ ಜೈನಕವಿ ರಟ್ಟನು ರಚಿಸಿದ ರಟ್ಟಮತವಂತೂ ಮಳೆ, ಮಿಂಚು, ಭೂಕಂಪ, ಗ್ರಹ, ಶಕುನಗಳಿಗೇ ಮೀಸಲಾದ ಕೃತಿ; ಭಾಸ್ಕರನೆಂಬ ಕವಿಯು ಅದನ್ನು ತೆಲುಗಿಗೆ ತಂದನೆಂಬುದರಿಂದ ನೆರೆನಾಡಿನಲ್ಲಿಯೂ ಅದಕ್ಕೆ ಮನ್ನಣೆಯಿದ್ದುದು ಗೊತ್ತಾಗುತ್ತದೆ. ಗ್ರಂಥಗಳನ್ನು ಓದದ ಒಕ್ಕಲಿಗನಿಗೆ ಮಳೆನಕ್ಷತ್ರಗಳೇ ಶಾಸ್ತ್ರವಾದುವು. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ಒಂದೊಂದು ಮಳೆಯ ಹೆಸರು. ಸೆಪ್ಟೆಂಬರಿನ ಕೊನೆಗೆ ಹಸ್ತ, ಅಕ್ಟೋಬರಿನಲ್ಲಿ ಚಿತ್ತೆ, ತಿಂಗಳು ಮುಗಿಯುವ ವೇಳೆಗೆ ಸ್ವಾತಿ, ನವೆಂಬರಿನಲ್ಲಿ ವಿಶಾಖೆ, ಅನುರಾಧೆ, ಅಲ್ಲಿಗೆ ಪಟ್ಟಿಯೇ ಮುಗಿಯಿತು. ಜ್ಯೇಷ್ಠಾ ಮೂಲಾ ನಕ್ಷತ್ರಗಳಲ್ಲಿ ಬೀಳುವ ಡಿಸೆಂಬರಿನ ಮಳೆಗೆ ಈ ಗಣನೆಯಲ್ಲಿ ಹೇಳಿಕೊಳ್ಳುವ ಸ್ಥಾನವಿಲ್ಲ. ಅದು ಅಕಾಲ ಮಳೆ. ಮಾಘದ ಭಾರತ ಹುಣ್ಣಿಮೆಯ ನಂತರ, ತುಂಗಭದ್ರೆಯ ಆಚೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕದ ಒಂದು ಮಾತನ್ನು ಕೊಪ್ಪಳದ ಕಡೆಯ ಜನರೂ ಕಾತರದಿಂದ ಕೇಳುತ್ತಾರೆ. ಅದೂ ಬರುವ ವರ್ಷದ ಮಳೆಬೆಳೆಗಳನ್ನು ಕುರಿತದ್ದೇ.

ಈ ಪರಂಪರೆಯನ್ನು ಮೂಢನಂಬಿಕೆಯೆಂದು ತಳ್ಳಿಬಿಡುವುದು ಸುಲಭ, ನ್ಯಾಯವಲ್ಲ. ನಕ್ಷತ್ರಗಣನೆಯು ಸೂರ್ಯನ ಗತಿಯನ್ನು ಅನುಸರಿಸುವುದರಿಂದ ಋತುವಿನ ಸರಾಸರಿ ನಡೆಯನ್ನು ಅದು ತಕ್ಕಮಟ್ಟಿಗೆ ಹಿಡಿದಿಟ್ಟಿದೆ. ಅಯನಚಲನೆಯ ಕಾರಣದಿಂದ ವರಾಹಮಿಹಿರನ ಕಾಲಕ್ಕೂ ನಮ್ಮ ಕಾಲಕ್ಕೂ ಸುಮಾರು ಮೂರು ವಾರಗಳ ವ್ಯತ್ಯಾಸ ಬಿದ್ದಿದೆಯೆಂಬುದು ಬೇರೆ ಮಾತು. ಈ ಪರಂಪರೆಯ ನಿಜವಾದ ದೋಷವಿರುವುದು ಬೇರೊಂದು ಕಡೆ. ಮಾರ್ಗಶಿರದ ಮೋಡವನ್ನು ಕಂಡು ಆಷಾಢದ ಮಳೆಯನ್ನು ಹೇಳಿದವನು, ಆಷಾಢದಲ್ಲಿ ಏನಾಯಿತೆಂಬುದನ್ನು ಬರೆದಿಡಲಿಲ್ಲ. ಕೌಟಿಲ್ಯನ ಕುಂಡವು ಕೋಷ್ಠಾಗಾರದ ಮುಂದೆ ಇದ್ದಿರಬಹುದು. ಅದರಲ್ಲಿ ನಿಂತ ನೀರಿನ ವರ್ಷವರ್ಷದ ಲೆಕ್ಕ ನಮ್ಮವರೆಗೆ ಬರಲಿಲ್ಲ. ತಪ್ಪಿದ ಭವಿಷ್ಯಗಳ ದಾಖಲೆಯಿಲ್ಲದ ವಿದ್ಯೆಗೆ ತಿದ್ದಿಕೊಳ್ಳುವ ದಾರಿಯಿಲ್ಲ.

ಲೆಕ್ಕವಿಡುವ ಕಾಲವನ್ನು ತಂದುದು ಬರಗಾಲ. 1864ರಲ್ಲಿ ಕಲ್ಕತ್ತೆಯನ್ನು ಹೊಡೆದ ಚಂಡಮಾರುತವೂ, ಅದರ ಬೆನ್ನಿಗೇ ಬಂದ ಒರಿಸ್ಸಾದ ಕ್ಷಾಮವೂ ಸರ್ಕಾರದ ಕಣ್ಣನ್ನು ತೆರೆಸಿ, 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪಿತವಾಯಿತು. ಹೆನ್ರಿ ಬ್ಲಾನ್‌ಫರ್ಡ್ ಅದರ ಮೊದಲ ಮುಖ್ಯಾಧಿಕಾರಿಯಾದನು. ಮರುವರ್ಷವೇ ಮದರಾಸು, ಮೈಸೂರು, ನಿಜಾಮನ ರಾಜ್ಯ, ಮುಂಬಯಿ ಕರ್ನಾಟಕ ಇವೆಲ್ಲವನ್ನೂ ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರ ಬಂದಿತು. ಆಗ ಬ್ಲಾನ್‌ಫರ್ಡನು ಮಾಡಿದುದೇನೆಂದು ನೋಡಿದರೆ ನಗೆ ಬರುವಂತಿದೆ: ಅವನೂ ಚಳಿಗಾಲವನ್ನೇ ನೋಡಿದನು. ಹಿಮಾಲಯದ ಮೇಲೆ ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಹಿಮ ಹೆಚ್ಚಾಗಿ ಬಿದ್ದರೆ ಮುಂಗಾರು ಸೊರಗುತ್ತದೆಯೆಂದು 1884ರಲ್ಲಿ ಪ್ರಕಟಿಸಿ, 1886ರ ಜೂನ್ 4ರಂದು ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆಯನ್ನು ಹೊರಡಿಸಿದನು. ವರಾಹಮಿಹಿರನಿಗೂ ಇವನಿಗೂ ನಡುವೆ ಹದಿಮೂರು ಶತಮಾನಗಳು ಕಳೆದಿದ್ದರೂ, ಚಳಿಗಾಲವೆಂದರೆ ಮುಂಗಾರಿನ ಮುನ್ನುಡಿಯೆಂಬ ಭಾವನೆ ಮಾತ್ರ ಹಾಗೆಯೇ ಉಳಿಯಿತು. ವ್ಯತ್ಯಾಸವಿದ್ದುದು ಒಂದೇ ಒಂದರಲ್ಲಿ: ಬ್ಲಾನ್‌ಫರ್ಡನ ಭವಿಷ್ಯ ತಪ್ಪಿದಾಗ ತಪ್ಪಿತೆಂದು ಇಲಾಖೆಯ ಕಡತದಲ್ಲಿ ಬರೆದಿತ್ತು. 1904ರಲ್ಲಿ ಬಂದ ಗಣಿತಜ್ಞ ಗಿಲ್ಬರ್ಟ್ ವಾಕರ್ ಆ ಕಡತಗಳನ್ನೇ ಆಧಾರವಾಗಿ ಹಿಡಿದು, ಜಗತ್ತಿನ ನಾನಾ ಮೂಲೆಗಳ ಒತ್ತಡದ ಅಂಕೆಗಳನ್ನು ಒಂದರೊಡನೊಂದು ಹೋಲಿಸುತ್ತ, ಒಂದೆಡೆ ಒತ್ತಡ ಏರಿದಾಗ ಮತ್ತೊಂದೆಡೆ ಇಳಿಯುವ ದಕ್ಷಿಣದ ಆಂದೋಲನವೆಂಬ ಮಹಾಸತ್ಯವನ್ನು ಕಂಡುಕೊಂಡನು.

ಮೋಡಗಳ ವಿಂಗಡಣೆಯ ಕಥೆ ಇದಕ್ಕೂ ಹಿಂದಿನದು. 1802ರ ಡಿಸೆಂಬರಿನಲ್ಲಿ ಲಂಡನ್ನಿನ ಔಷಧ ವ್ಯಾಪಾರಿ ಲೂಕ್ ಹೋವರ್ಡ್ ಎಂಬಾತನು ಗೆಳೆಯರ ಒಂದು ಸಣ್ಣ ವಿದ್ವತ್ಸಭೆಯಲ್ಲಿ ಪ್ರಬಂಧವೊಂದನ್ನೋದಿ, ಮೋಡಗಳೆಷ್ಟೇ ಚಂಚಲವಾಗಿದ್ದರೂ ಅವುಗಳ ಮೂಲರೂಪಗಳು ಕೆಲವೇ ಎಂದು ತೋರಿಸಿದನು: ಎಳೆಎಳೆಯಾಗಿ ಹರಡುವ ಸಿರಸ್, ಗುಪ್ಪೆಗುಪ್ಪೆಯಾಗಿ ಏರುವ ಕ್ಯುಮುಲಸ್, ಪದರವಾಗಿ ಹಾಸುವ ಸ್ಟ್ರೇಟಸ್, ಮಳೆ ಸುರಿಸುವ ನಿಂಬಸ್. ಅದೇ ವರ್ಷ ಫ್ರಾನ್ಸಿನ ಲಾಮಾರ್ಕನೂ ಒಂದು ವಿಂಗಡಣೆಯನ್ನು ಸೂಚಿಸಿದ್ದನು, ಅದು ನಿಲ್ಲಲಿಲ್ಲ. ಮುಂದೆ ರಾಲ್ಫ್ ಅಬರ್‌ಕ್ರಾಂಬಿಯು ಭೂಮಂಡಲವನ್ನು ಎರಡು ಸಲ ಸುತ್ತಿ, ಮೋಡಗಳ ರೂಪ ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ಕಂಡುಕೊಂಡನು. ಸ್ವೀಡನ್ನಿನ ಹಿಲ್ಡೆಬ್ರಾಂಡ್‌ಸನ್ನನೊಡಗೂಡಿ ಅವನು ಹಾಕಿದ ತಳಹದಿಯ ಮೇಲೆ 1896ರಲ್ಲಿ ಅಂತರರಾಷ್ಟ್ರೀಯ ಮೇಘಪಟ ಪ್ರಕಟವಾಯಿತು. ಇಂದು ಅಂಗೀಕೃತವಾಗಿರುವುದು ಹತ್ತು ಕುಲಗಳು. ಲಂಡನ್ನಿನ ಮೋಡವೂ ಕಿನ್ನಾಳದ ಮೋಡವೂ ಒಂದೇ ಜಾತಿಯವೆಂಬ ಅಬರ್‌ಕ್ರಾಂಬಿಯ ನಿರ್ಣಯ ಸಾಧಾರಣವೆಂದು ತೋರಬಹುದು. ಆದರೆ ಒಂದು ಊರಿನಲ್ಲಿ ಕಲಿತುದನ್ನು ಇನ್ನೊಂದು ಊರಿನಲ್ಲಿ ಬಳಸಬಹುದೆಂಬ ಧೈರ್ಯ ಬಂದುದು ಅದರಿಂದಲೇ.

ಈ ಹತ್ತರಲ್ಲಿ ಕಿನ್ನಾಳದ ಚಳಿಗಾಲದ ಆಕಾಶದಲ್ಲಿ ಸಾಮಾನ್ಯವಾಗಿ ಕಾಣತಕ್ಕವು ಐದಾರು ಮಾತ್ರ. ಡಿಸೆಂಬರಿನ ಹೊತ್ತಿಗೆ ಈಶಾನ್ಯದ ಒಣಗಾಳಿ ನೆಲೆಗೊಂಡು, ಮೇಲಣ ಹವೆಯು ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿರುವುದರಿಂದ ಮೋಡ ಹುಟ್ಟುವುದೇ ಕಷ್ಟ. ನಿರ್ಮಲವಾದ ಇರುಳಿನಲ್ಲಿ ನೆಲವು ತನ್ನ ಶಾಖವನ್ನು ತಡೆಯಿಲ್ಲದೆ ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ; ಮೋಡವಿದ್ದರೆ ಅದು ಕುರಿಯುಣ್ಣೆಯ ಕಂಬಳಿಯಂತೆ ಆ ಶಾಖವನ್ನು ಹಿಡಿದು ಮರಳಿಸುತ್ತದೆ. ಆದುದರಿಂದಲೇ ಚಳಿ ಕಡಿಮೆಯಾದ ಬೆಳಗಿಗೆ ಹಿರಿಯರು ಮೊದಲು ಮುಗಿಲನ್ನು ನೋಡುತ್ತಾರೆ. ಹಿರೇಹಳ್ಳದ ಹಾಗೂ ತುಂಗಭದ್ರೆಯ ಹಿನ್ನೀರಿನ ಬದಿಗಳಲ್ಲಿ ತಣ್ಣಗಾದ ತೇವದ ಹವೆಯು ಮಂಜಾಗಿ ನಿಂತು, ಬಿಸಿಲೇರಿದಂತೆ ತುಸು ಮೇಲಕ್ಕೆದ್ದು ಪದರುಮೋಡವಾಗಿ, ಹೊತ್ತೇರುವುದರೊಳಗೆ ಕರಗಿಹೋಗುತ್ತದೆ. ಇದು ಒಳ್ಳೆಯ ಹವೆಯ ಗುರುತು. ನಡುಹಗಲಿನಲ್ಲಿ ಅಡಿ ಚಪ್ಪಟೆಯಾದ ಸಣ್ಣ ರಾಶಿಮೋಡಗಳು ಅಲ್ಲಲ್ಲಿ ಏಳುತ್ತವೆ. ಇವುಗಳ ಅಡಿ ಎಷ್ಟು ಎತ್ತರದಲ್ಲಿದೆಯೆಂಬುದನ್ನು ಏಣಿಯಿಲ್ಲದೆ ಅಳೆಯಬಹುದು: ಹವೆಯ ಉಷ್ಣತೆಗೂ, ಆ ಹವೆಯಲ್ಲಿ ಇಬ್ಬನಿ ಕಟ್ಟತೊಡಗುವ ಉಷ್ಣತೆಗೂ ಇರುವ ಅಂತರದ ಪ್ರತಿ ಡಿಗ್ರಿಗೆ ಸುಮಾರು 125 ಮೀಟರು. ಹಗಲು 28 ಡಿಗ್ರಿ, ಇಬ್ಬನಿಯ ಬಿಂದು 14 ಡಿಗ್ರಿ ಆಗಿದ್ದರೆ ಮೋಡದ ಅಡಿ 1,750 ಮೀಟರಿನ ಸುಮಾರಿಗೆ ಇರುವುದು. ಅಗಲಕ್ಕಿಂತ ಎತ್ತರ ಮಿಗದಿರುವವರೆಗೆ ಇವುಗಳಿಂದ ಭಯವಿಲ್ಲ.

ಭಯಪಡಬೇಕಾದುದು ಬಂಗಾಳಕೊಲ್ಲಿಯ ಕಡೆಯಿಂದ ಬರುವ ಮೋಡಗಳಿಗೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳೂ ಚಂಡಮಾರುತಗಳೂ ಹುಟ್ಟಿ ತಮಿಳುನಾಡಿನ ಅಥವಾ ಆಂಧ್ರದ ತೀರವನ್ನು ಮುಟ್ಟುತ್ತವೆ. 2022ರ ಡಿಸೆಂಬರಿನ ಮ್ಯಾಂಡಸ್, 2023ರ ಡಿಸೆಂಬರಿನ ಮಿಚಾಂಗ್, 2024ರ ನವೆಂಬರಿನ ಕೊನೆಯ ಫೆಂಗಲ್ ಇಂತಹವು. ಇಂತಹ ಚಂಡಮಾರುತದ ಕೇಂದ್ರ ನೂರಾರು ಮೈಲಿ ದೂರದಲ್ಲಿರುವಾಗಲೇ ಅದರ ಮೇಲಣ ಹೊರಹರಿವು ಹಿಮಕಣಗಳ ಸಿರಸ್ಸಾಗಿ ಮುಂದೋಡಿ ಬರುತ್ತದೆ. ಉಷ್ಣವಲಯದಲ್ಲಿ ಈ ಮೋಡದ ಎತ್ತರ 6ರಿಂದ 18 ಕಿಲೋಮೀಟರು. ಚಳಿಗಾಲದಲ್ಲಿ ಪಡುವಣ ಮೇಲ್ಗಾಳಿಯಲ್ಲಿ ತೇಲಿಬರುವ ನಿರುಪದ್ರವಿ ಸಿರಸ್ಸೂ ಉಂಟಾದುದರಿಂದ, ಅದನ್ನು ಕಂಡೊಡನೆ ಗಾಬರಿಗೊಳ್ಳುವುದು ಸಲ್ಲದು. ಎಳೆಗಳು ಯಾವ ದಿಕ್ಕಿನಿಂದ ಬರುತ್ತಿವೆ, ದಟ್ಟವಾಗುತ್ತಿವೆಯೋ ಚೆದರುತ್ತಿವೆಯೋ ಎಂಬುದೇ ಮುಖ್ಯ. ಎಳೆಗಳು ಬೆಸೆದು ತೆಳ್ಳನೆಯ ಪರದೆಯಾದಾಗ ಸೂರ್ಯಚಂದ್ರರ ಸುತ್ತ ಪರಿವೇಷ ಮೂಡುತ್ತದೆ. ಷಟ್ಕೋನಾಕೃತಿಯ ಹಿಮಸ್ಫಟಿಕಗಳಲ್ಲಿ ಬೆಳಕು ಬಾಗಿ ಉಂಟಾಗುವ ಆ ಬಳೆಯ ತ್ರಿಜ್ಯ 22 ಡಿಗ್ರಿ, ಎಂದರೆ ಕೈಯನ್ನು ನೀಳವಾಗಿ ಚಾಚಿ ಹಿಡಿದ ಗೇಣಿನಷ್ಟು. ಪರಿವೇಷದ ಮೇಲೆ ಒಂದು ಅಧ್ಯಾಯವನ್ನೇ ಬರೆದ ವರಾಹಮಿಹಿರನ ಕಣ್ಣು ಸರಿಯಾದ ವಸ್ತುವಿನ ಮೇಲೆಯೇ ಬಿದ್ದಿತ್ತು. ಅದು ಹೇಳುತ್ತಿದ್ದುದು ಆರೂವರೆ ತಿಂಗಳ ಆಚೆಯ ಮಾತನ್ನಲ್ಲ, ಒಂದೆರಡು ದಿನದ ಮಾತನ್ನು, ಅದನ್ನೂ ಕೆಲವು ಸಲ ಮಾತ್ರ.

ಅನಂತರ ಬರುವುದು ಬೂದುಬಣ್ಣದ ನಡುಮಟ್ಟದ ಪದರು, ಆಲ್ಟೋಸ್ಟ್ರೇಟಸ್. ಇದರ ಹಿಂದೆ ಸೂರ್ಯನು ಮಸುಕಾಗಿ ಕಾಣಬಹುದು, ಆದರೆ ನೆಲದ ಮೇಲೆ ನೆರಳು ಬೀಳುವುದಿಲ್ಲ; ಹೊಲದಲ್ಲಿ ನಿಂತವನಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇಡ. ಗುಂಪುಗುಂಪಾದ ಸಣ್ಣ ಮೋಡಗಳಲ್ಲಿ ಮೇಲುಮಟ್ಟದ್ದಾವುದು, ನಡುಮಟ್ಟದ್ದಾವುದು ಎಂಬ ತೊಡಕಿಗೂ ಕೈಯೇ ಅಳತೆಗೋಲು: ಚಾಚಿದ ಕೈಯ ಕಿರುಬೆರಳಿನ ಅಗಲದೊಳಗೆ ಅಡಗುವ ತುಣುಕುಗಳು ಸಿರೋಕ್ಯುಮುಲಸ್, ಮೂರು ಬೆರಳಿನೊಳಗಿನವು ಆಲ್ಟೋಕ್ಯುಮುಲಸ್, ಅದಕ್ಕೂ ದೊಡ್ಡವು ತಗ್ಗಿನಲ್ಲಿ ತೇಲುವ ಸ್ಟ್ರೇಟೋಕ್ಯುಮುಲಸ್. ಕಡಲೆಯ ರೈತನನ್ನು ಕಾಡುವುದು ಈ ಕೊನೆಯದು. ಕೊಲ್ಲಿಯ ತೇವವನ್ನು ಹೊತ್ತ ಮೂಡಗಾಳಿಯಲ್ಲಿ ಇದು ದಿನಗಟ್ಟಲೆ ನಿಂತು, ಬಿಸಿಲನ್ನೂ ಬಿಡದೆ, ಮಳೆಯನ್ನೂ ಸುರಿಸದೆ, ತುಂತುರಿನಲ್ಲಿಯೇ ಬೆಳೆಯನ್ನು ಕೆಡಿಸುತ್ತದೆ. ಗುಡುಗಿನ ಕ್ಯುಮುಲೋನಿಂಬಸ್ ಮಾಘ ಕಳೆಯುವವರೆಗೆ ಅಪರೂಪ. ಆದರೆ 2014ರ ಫೆಬ್ರವರಿ ಮಾರ್ಚಿಗಳಲ್ಲಿ ಪಶ್ಚಿಮದ ಮೇಲ್ಗಾಳಿಯ ಒತ್ತಡದ ತಗ್ಗೊಂದು ದಖ್ಖಣದವರೆಗೂ ಇಳಿದು ತೇವದ ಹವೆಯನ್ನು ಸಂಧಿಸಿದಾಗ, ಮಹಾರಾಷ್ಟ್ರದಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಬಿದ್ದ ಆಣೆಕಲ್ಲಿನ ಮಳೆಯು ರಾಶಿಗೆ ಬಂದ ಜೋಳವನ್ನೂ ದ್ರಾಕ್ಷಿಯನ್ನೂ ಹೊಸಕಿಹಾಕಿತು.

ಇಂತಹ ಮೋಡಗಳ ಬರವನ್ನು ಮುಂದಾಗಿ ಸಾರುವ ಕೆಲಸ, ಎಂದರೆ ಚಳಿಗಾಲದ ನಿಜವಾದ ಮುನ್ಸೂಚನೆ, ಮೊದಲು ನಡೆದುದು ಹಡಗುಗಳಿಗಾಗಿ. ಬಂದರಿನಲ್ಲಿ ಬಿರುಗಾಳಿಯ ಸಂಕೇತವನ್ನೇರಿಸುತ್ತಿದ್ದ ಇಲಾಖೆಗೆ ಒಳನಾಡಿನ ಎರೆಹೊಲವು ಬಹುಕಾಲ ಕಾಣಲಿಲ್ಲ. 1932ರಲ್ಲಿ ಪುಣೆಯಲ್ಲಿ ಕೃಷಿ ಹವಾಮಾನ ವಿಭಾಗ ಆರಂಭವಾಯಿತು. 1945ರಿಂದ ಆಕಾಶವಾಣಿಯಲ್ಲಿ ರೈತರಿಗಾಗಿ ಹವಾವರ್ತಮಾನ ಬರತೊಡಗಿತು. 1950ರಲ್ಲಿ ಧಾರವಾಡ ಕೇಂದ್ರ ತೆರೆದ ಮೇಲೆ ಉತ್ತರದ ಕನ್ನಡಿಗರಿಗೆ ತಮ್ಮ ಮಾತಿನ ಬಾನುಲಿ ಹತ್ತಿರವಾಯಿತು. ಆದರೆ ಕೊಲ್ಲಿಯ ಮೇಲೆ ಏನಾಗುತ್ತಿದೆಯೆಂದು ನೋಡುವ ಕಣ್ಣು ದೊರೆತುದು ಉಪಗ್ರಹಗಳಿಂದ. 1960ರ ಏಪ್ರಿಲ್ ಒಂದರಂದು ಅಮೆರಿಕದ ಟೈರಾಸ್ ಮೇಲಿನಿಂದ ಮೋಡಗಳ ಚಿತ್ರವನ್ನು ಕಳುಹಿಸಿದಾಗ, ಮನುಷ್ಯನು ಮೋಡದ ಅಡಿಯನ್ನಷ್ಟೇ ಅಲ್ಲ, ನೆತ್ತಿಯನ್ನೂ ನೋಡುವಂತಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳರು ಡಿ. ಆರ್. ಸಿಕ್ಕಾ ಅವರೊಡನೆ ಸೇರಿ, ಇಂತಹ ಚಿತ್ರಗಳನ್ನು ದಿನದಿನವೂ ಪರಿಶೀಲಿಸಿ, ಮುಂಗಾರಿನ ಮೋಡಪಟ್ಟಿಗಳು ಸಮುದ್ರದ ಮೇಲೆ ಹುಟ್ಟಿ ಉತ್ತರಕ್ಕೆ ಸರಿಯುವುದನ್ನು 1980ರಲ್ಲಿ ತೋರಿಸಿಕೊಟ್ಟರು. 1983ರ ಇನ್ಸಾಟ್-1ಬಿ, 2002ರಲ್ಲಿ ಹಾರಿ ಮುಂದೆ ಕಲ್ಪನಾ ಎಂಬ ಹೆಸರು ಪಡೆದ ಉಪಗ್ರಹ, 2013ರ ಇನ್ಸಾಟ್-3ಡಿ, 2024ರ ಇನ್ಸಾಟ್-3ಡಿಎಸ್ ಇವು ನಮ್ಮವೇ ಆದ ಕಣ್ಣುಗಳು. ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಅವರು ಸಂಗಡಿಗರೊಡನೆ ಪ್ರಯೋಗಶಾಲೆಯ ನೀರಿನ ತೊಟ್ಟಿಯಲ್ಲಿ ರಾಶಿಮೋಡದ ಹರಿವನ್ನೇ ಸೃಷ್ಟಿಸಿ, ಹಬೆಯು ಹನಿಯಾಗುವಾಗ ಬಿಡುಗಡೆಯಾಗುವ ಶಾಖವು ಮೋಡದ ಬೆಳವಣಿಗೆಯನ್ನು ಹೇಗೆ ಆಳುತ್ತದೆಯೆಂಬುದನ್ನು 2011ರಲ್ಲಿ ಪ್ರಕಟಿಸಿದುದು ಕನ್ನಡಿಗರು ಹೆಚ್ಚಾಗಿ ಅರಿಯದ ಒಂದು ಸಾಧನೆ.

ಗಣಕದ ಕಥೆಯನ್ನು ಇಲ್ಲಿ ವಿಸ್ತರಿಸುವುದಿಲ್ಲ. ವಾಯುಮಂಡಲದ ಸ್ಥಿತಿಯಲ್ಲಿನ ಅತ್ಯಲ್ಪ ವ್ಯತ್ಯಾಸವೂ ಬೆಳೆಬೆಳೆದು ದಿನದಿನದ ಭವಿಷ್ಯವನ್ನು ಎರಡು ವಾರಗಳ ಆಚೆ ನಿರರ್ಥಕಗೊಳಿಸುತ್ತದೆಯೆಂದು 1960ರ ದಶಕದಲ್ಲಿ ಎಡ್ವರ್ಡ್ ಲೊರೆಂಜ್ ಹಾಕಿಕೊಟ್ಟ ಗೆರೆಯನ್ನು ಯಾರೂ ದಾಟಿಲ್ಲ. ಉಷ್ಣವಲಯದಲ್ಲಿ ಋತುವಿನ ಸರಾಸರಿಯನ್ನಾದರೂ ಸಮುದ್ರದ ಬಿಸಿಯಿಂದ ಊಹಿಸಬಹುದೆಂದು 1981ರಲ್ಲಿ ಚಾರ್ನಿ ಮತ್ತು ಜಗದೀಶ ಶುಕ್ಲರು ಒಂದು ಕಿಂಡಿ ತೆರೆದರು. 2016ರಿಂದ ಹವಾಮಾನ ಇಲಾಖೆಯು ಚಳಿಗಾಲದ ಉಷ್ಣತೆಯ ಮುನ್ನೋಟವನ್ನು ಹೊರಡಿಸುತ್ತಿದೆ. ಬಯಲುಸೀಮೆಯಲ್ಲಿ ಕನಿಷ್ಠ ಉಷ್ಣತೆ 10 ಡಿಗ್ರಿಗೆ ಅಥವಾ ಅದಕ್ಕೂ ಕೆಳಗಿಳಿದು, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿಯಾದರೂ ಕಡಿಮೆಯಾದರೆ ಅದು ಶೀತಗಾಳಿ. ಬೀದರ ವಿಜಯಪುರಗಳಿಗೆ ಈ ಎಚ್ಚರಿಕೆ ಹೆಚ್ಚಾಗಿ ಸಲ್ಲುತ್ತದೆ, ಕೊಪ್ಪಳಕ್ಕೆ ವಿರಳ.

ಮಳೆಯ ವಿಷಯದಲ್ಲಿ ಮಾತ್ರ ಒಂದು ಆಕ್ಷೇಪವನ್ನು ಹೇಳಲೇಬೇಕು. ಹಿಂಗಾರಿನ ಮೂರು ತಿಂಗಳಿಗೆ ಇಲಾಖೆ ಕೊಡುವ ದೀರ್ಘಾವಧಿ ಮುನ್ಸೂಚನೆಯು ತಮಿಳುನಾಡು, ಕರಾವಳಿ ಆಂಧ್ರ, ರಾಯಲಸೀಮೆ, ಕೇರಳ, ದಕ್ಷಿಣ ಒಳನಾಡು ಕರ್ನಾಟಕ ಎಂಬ ಐದು ಉಪವಿಭಾಗಗಳನ್ನು ಒಟ್ಟುಗೂಡಿಸಿ ಹೇಳುವಂಥದು. ಕೊಪ್ಪಳವಿರುವುದು ಉತ್ತರ ಒಳನಾಡಿನಲ್ಲಿ. ಆದುದರಿಂದ ಆ ಲೆಕ್ಕದ ಹೊರಗೆ. ವರ್ಷದ ಮಳೆಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಈ ಅವಧಿಯಲ್ಲಿ ಪಡೆಯುವ, ಅದರ ಮೇಲೆಯೇ ಬಿಳಿಜೋಳವನ್ನು ಬಿತ್ತುವ ನಾಡಿಗೆ ಇದು ಅಲಕ್ಷ್ಯವೆಂದಲ್ಲದೆ ಬೇರೇನು? ಪೆಸಿಫಿಕ್ ಸಾಗರ ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೋ ವರ್ಷಗಳಲ್ಲಿ ಹಿಂಗಾರು ಬಲಗೊಳ್ಳುವುದೆಂಬ ತಮಿಳುನಾಡಿನ ಸೂತ್ರವನ್ನು ಇಲ್ಲಿಗೆ ಎರವಲು ತರುವಂತಿಲ್ಲ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿದಾಗ ಉತ್ತರ ಕರ್ನಾಟಕದ ಎರೆಸೀಮೆ ಬರದಲ್ಲಿ ಬೇಯುತ್ತಿತ್ತು. ವರಾಹಮಿಹಿರನಿಂದ ಮೊದಲ್ಗೊಂಡು ಇಂದಿನವರೆಗೂ ಮುಂಗಾರಿಗೆ ಸಂದಿರುವ ಆದರದ ಕಾಲುಪಾಲೂ ಹಿಂಗಾರಿಗೆ ಸಂದಿಲ್ಲ.

ಕೊರತೆಯನ್ನು ಕೆಲಮಟ್ಟಿಗೆ ತುಂಬಿರುವುದು ರಾಜ್ಯದ ವ್ಯವಸ್ಥೆ. 1988ರಲ್ಲಿ ಬರ ನಿರ್ವಹಣೆಗಾಗಿ ಹುಟ್ಟಿದ ಚಿಕ್ಕ ಘಟಕವೊಂದು ಬೆಳೆದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಗ್ರಾಮಪಂಚಾಯತಿಗೊಂದರಂತೆ ಆರು ಸಾವಿರಕ್ಕೂ ಮಿಕ್ಕ ಸ್ವಯಂಚಾಲಿತ ಮಳೆಮಾಪಕಗಳನ್ನು, ಹೋಬಳಿಗೊಂದರಂತೆ ಹವಾಕೇಂದ್ರಗಳನ್ನು ನೆಟ್ಟಿದೆ. ಕೌಟಿಲ್ಯನ ಕುಂಡಕ್ಕೆ ಕೊನೆಗೂ ದಫ್ತರು ದೊರೆಯಿತು. 2008ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಿಂದ ಬೆಳೆಗೆ ಹೊಂದಿದ ಸಲಹೆಗಳು ಬರುತ್ತವೆ. ಇವೆಲ್ಲವುಗಳಲ್ಲಿ ಮೂರು ದಿನದ ಮುನ್ಸೂಚನೆಯನ್ನು ನೆಚ್ಚಬಹುದು, ಐದು ದಿನದ್ದನ್ನು ಗಮನಿಸಬಹುದು, ತಿಂಗಳಿನದನ್ನು ಕೇಳಿ ಸುಮ್ಮನಿರಬಹುದು ಎಂಬುದು ನನ್ನ ಅಭಿಪ್ರಾಯ.

ಓದುಗರಲ್ಲಿ ಎರೆಹೊಲವುಳ್ಳವರಿಗೆ ಇಷ್ಟು ಹೇಳಿ ವಿರಮಿಸುತ್ತೇನೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಒಮ್ಮೆ ಮೇಲಕ್ಕೂ ನೋಡಿರಿ. ಸಿರಸ್ಸಿನ ಎಳೆಗಳು ಆಗ್ನೇಯದಿಂದೇರಿ, ಮರುದಿನ ಪರಿವೇಷ ಕಟ್ಟಿ, ಅದರ ಮರುದಿನ ನಿಮ್ಮ ನೆರಳು ನೆಲದ ಮೇಲೆ ಕಾಣದಾದರೆ, ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಕರೆಮಾಡಿ ಕೊಲ್ಲಿಯಲ್ಲಿ ಏನು ನಡೆದಿದೆಯೆಂದು ಕೇಳಿರಿ. ಕಡಲೆಗೆ ಔಷಧ ಹೊಡೆಯುವ ಕೆಲಸವನ್ನು ಮಳೆ ನಿಂತ ಮೇಲಕ್ಕೆ ಹಾಕಿರಿ. ಕಿತ್ತು ಗುಡ್ಡೆಯಿಟ್ಟುದು ಹೊಲದಲ್ಲಿದ್ದರೆ ಅಂದಿನ ಸಂಜೆಯೊಳಗೆ ತಾಡಪತ್ರಿ ಹೊದಿಸಿರಿ.